ಮುಗಿಸಬಾರದ ಧಾರಾವಾಹಿ

ಆ ವರ್ಷ ನಾನು ಬರೆಯುತ್ತಿದ್ದ ಧಾರಾವಾಹಿಯ ಹುಡುಗ, ಹುಡುಗಿಗೆ ತನ್ನ ಮನಸ್ಸಿನ ಮಾತು ಹೇಳುವಂತಿರಲಿಲ್ಲ. ಹೇಳಿದರೆ ಕಥೆ ಮುಗಿಯುತ್ತಿತ್ತು. ಕಥೆ ಮುಗಿದರೆ ನನ್ನ ಅಕ್ಕನ ಹೊಟ್ಟೆಯಲ್ಲಿದ್ದ ಕೂಸು ನಿಲ್ಲುವುದಿಲ್ಲ ಎಂದು ನಮ್ಮ ಖೋಲಿಯಲ್ಲಿ ಇಬ್ಬರು ನಂಬಿದ್ದರು. ಒಬ್ಬಳು ಅಕ್ಕ. ಇನ್ನೊಬ್ಬಳು ಎಂ.ಎ. ಪಾಸಾದ ನಾನು.

ನಾವಿದ್ದದ್ದು ಜೋಗೇಶ್ವರಿಯ ಒಂದು ಚಾಳಿನ ಮೊದಲನೆಯ ಮಾಳಿಗೆಯಲ್ಲಿ. ಒಂದೇ ಕೋಣೆಯ ಖೋಲಿ, ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಬಾಗಿಲ ಮುಂದೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ಕೆಳಗೆ ತಗಡಿನ ಡಬ್ಬಿ ಮಾಡುವ ಸಣ್ಣ ಕಾರ್ಖಾನೆಯಿತ್ತು. ಹಗಲೆಲ್ಲ ಬಡಿಯುವ ಸದ್ದು. ಅಪ್ಪ ಅಂಥದೇ ಇನ್ನೊಂದು ಕಾರ್ಖಾನೆಯಲ್ಲಿ ಗುಮಾಸ್ತ. ನನ್ನನ್ನು ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿಟ್ಟು ಓದಿಸಿದ್ದರು. ಓದು ಮುಗಿಸಿ ಬಂದವಳು ಚರ್ಚ್‌ಗೇಟ್ ಹತ್ತಿರದ ಒಂದು ವಿಮಾ ಕಚೇರಿಗೆ ಸೇರಿದ್ದೆ. ಅಕ್ಕ ನನಗಿಂತ ಮೊದಲೇ ಅದೇ ಮಾವನ ಮನೆಯಲ್ಲಿದ್ದು ಮೆಟ್ರಿಕ್ ಮಾಡಿದ್ದಳು. ರಿಸಲ್ಟ್ ಬಂದ ಬೇಸಿಗೆಯಲ್ಲೇ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ.

ಹತ್ತಿದ ನಾನಾದರೂ ಅಲ್ಲಿ ಏನು ಕಂಡೆ? ಮೊದಲ ಬೆಂಚು, ಕರಿಹಲಗೆ, ಗ್ರಂಥಾಲಯದ ಹೆಂಗಸರ ಮೇಜು. ಅಷ್ಟು ವರ್ಷಗಳಲ್ಲಿ ಯಾವ ಹುಡುಗನ ಜೊತೆಗೂ ನಾನಾಗಿ ಮಾತಾಡಿದ ನೆನಪಿಲ್ಲ. ಒಬ್ಬ ನನ್ನ ಪೆನ್ನು ಕೇಳಿದ್ದ, ಕೊಟ್ಟೆ, ಪೆನ್ನನ್ನು ಗೆಳತಿಯ ಕೈಯಲ್ಲಿ ವಾಪಸು ಕಳಿಸಿದ. ಪ್ರೇಮದ ವಿಷಯದಲ್ಲಿ ನನ್ನ ಅನುಭವ ಅಲ್ಲಿಗೆ ಮುಗಿಯಿತು. ಹೀಗಿರುವಾಗ ನಮ್ಮ ಕಡೆಯ ಒಂದು ವಾರಪತ್ರಿಕೆಯ ಸಂಪಾದಕರು, ನನ್ನ ಒಂದೆರಡು ಗಂಭೀರ ಕಥೆಗಳನ್ನು ಹಾಕಿದ್ದವರು, ಕಾರ್ಡು ಬರೆದು ಕೇಳಿದರು: ಕಾಲೇಜು ಹುಡುಗ ಹುಡುಗಿಯರ ಪ್ರೇಮ, ತಿಳಿಹಾಸ್ಯ, ಕಣ್ಣೀರು ಬೇಡ, ವಾರವಾರ ಕಳಿಸಬಲ್ಲಿರಾ? ನಾನು ಬೇರೆ ಹೆಸರಿಟ್ಟುಕೊಂಡು ಒಪ್ಪಿಕೊಂಡೆ. ಮನೆಯಲ್ಲಿ ಹೇಳಲಿಲ್ಲ. ಅವ್ವ ನಾನು ಬರೆಯುವುದೆಲ್ಲ ಆಫೀಸಿನ ಕೆಲಸವೆಂದೇ ತಿಳಿದಿದ್ದಳು.

ಬರೆಯುತ್ತಿದ್ದದ್ದು ಲೋಕಲ್‌ನಲ್ಲಿ. ಬೆಳಿಗ್ಗೆ ಬೊರಿವಲಿಯಿಂದ ತುಂಬಿಕೊಂಡೇ ಬರುತ್ತಿದ್ದ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಅಂಧೇರಿ ದಾಟಿದ ಮೇಲೆ ಒಮ್ಮೊಮ್ಮೆ ಕೂರಲು ಜಾಗ ಸಿಗುತ್ತಿತ್ತು. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಹಾಳೆ. ಪಕ್ಕದವಳಿಗೆ ಕನ್ನಡ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಪೆನ್ನು ತೆಗೆಯುತ್ತಿದ್ದೆ. ಕಂತು ತಡವಾದ ವಾರ ಸಂಜೆ ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಪುಣೆಯ ಕಡೆ ಹೋಗುವ ಮೇಲ್ ಗಾಡಿಗಾಗಿ ಕಾಯುತ್ತಿದ್ದೆ. ಅದರ ಟಪಾಲು ಡಬ್ಬಿಗೆ, ಅಂದರೆ ಅಂಚೆಯ ಬೋಗಿಗೆ, ಹೊರಗಿನಿಂದಲೇ ಕಾಗದ ಹಾಕುವ ಕಿಂಡಿಯಿತ್ತು. ತಡವಾದ ಟಪಾಲಿನ ಹೆಚ್ಚುವರಿ ಸ್ಟಾಂಪು ಹಚ್ಚಿದ ಲಕೋಟೆಯನ್ನು ಅದರೊಳಗೆ ಬಿಟ್ಟು, ಗಾಡಿ ಹೊರಡುವುದನ್ನು ನೋಡಿದ ಮೇಲೆ ಮನೆಗೆ ಹೋಗುತ್ತಿದ್ದೆ.

ಮೊದಲ ಕಂತುಗಳು ಒಣಗಿದ ಚಪಾತಿಯಂತಿದ್ದವು. ನನ್ನ ಹುಡುಗ ಹುಡುಗಿ ಇಬ್ಬರೂ ಪರೀಕ್ಷೆಯ ಉತ್ತರ ಬರೆದ ಹಾಗೆ ಮಾತಾಡುತ್ತಿದ್ದರು. ಆಗ ಅಕ್ಕ ಬಂದಳು.

ಅಕ್ಕನಿಗೆ ಅದು ಮೊದಲ ಬಸುರಲ್ಲ. ಹಿಂದಿನವೆಲ್ಲ ಐದನೆಯ ತಿಂಗಳಿಗೆ ಹೋಗಿದ್ದವು, ಯಾವ ಕಾರಣವೂ ಇಲ್ಲದೆ, ಅಡಿಗೆ ಮಾಡುತ್ತ ನಿಂತಿದ್ದಾಗ ಒಮ್ಮೆ, ಬಾವಿಕಟ್ಟೆಯಲ್ಲಿ ಒಮ್ಮೆ. ಈ ಸಲ ಹುಬ್ಬಳ್ಳಿಯ ಡಾಕ್ಟರೇ ಮುಂಬಯಿಗೆ ಕಳಿಸಿದ್ದರು. ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಗರ್ಭದ ಬಾಯಿ ಸಡಿಲವಿದೆ ಎಂದು ಹೇಳಿ ಅದಕ್ಕೆ ಹೊಲಿಗೆ ಹಾಕಿದರು. ಇನ್ನು ದಿನ ತುಂಬುವವರೆಗೆ ಮಲಗಿಯೇ ಇರಬೇಕು, ಕಾಲಿನ ಕಡೆ ಎತ್ತರವಿರಬೇಕು ಎಂದರು. ಹತ್ತಿರದಲ್ಲೇ ಬಿಲ್ಡಿಂಗ್ ಕಟ್ಟುತ್ತಿದ್ದ ವಿಜಾಪುರ ಕಡೆಯ ಕೂಲಿಗಳ ಹತ್ತಿರ ಅಪ್ಪ ಇಟ್ಟಿಗೆ ಕೇಳಿ ತಂದರು. ಮಂಚದ ಕಾಲುದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾಯಿತು. ಅಕ್ಕ ತಲೆ ತಗ್ಗಾಗಿ, ಪಾದ ಮೇಲಾಗಿ, ಸೂರನ್ನು ನೋಡುತ್ತ ಮಲಗಿದಳು.

ಆಸ್ಪತ್ರೆಯಿಂದ ಬಂದ ದಿನವೇ, ಅವ್ವ ನೀರಿಗೆ ಹೋದಾಗ, ಸೂರಿಗೇ ಹೇಳುವವಳ ಹಾಗೆ ನನಗೆ ಹೇಳಿದಳು: "ಇದೊಂದ ಸಲ ನೋಡೂಣು ಅಂದಾರ."

"ಯಾರು?"

"ಮತ್ಯಾರು, ನಮ್ಮತ್ತಿ. ಅವರ ತಮ್ಮನ ಮಗಳ ಇದ್ದಾಳಲ್ಲ, ಆಕೀನ್ನ ಈಗ ತಂದ ಮನ್ಯಾಗ ಇಟಕೊಂಡಾರ. ಕೆಲಸಕ್ಕ ಅಂತ."

"ಭಾವ ಏನಂತಾರ?"

"ಅವರವ್ವನ ಮುಂದ ಅವರು ಯಾವಾಗ ಏನ ಅಂದಾರ?" ಎಂದವಳು ನನ್ನ ಚೀಲದಲ್ಲಿದ್ದ ಹಾಳೆಗಳತ್ತ ನೋಡಿ, "ನೀ ಏನ ಬರೀಲಿಕತ್ತೀ? ತೋರಸು," ಎಂದಳು.

ಅಲ್ಲಿಯವರೆಗೆ ನಾನು ಯಾರಿಗೂ ತೋರಿಸಿರಲಿಲ್ಲ. ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಓದಿ ಹೇಳಿದೆ. ಹುಡುಗಿ ಗ್ರಂಥಾಲಯದಲ್ಲಿ ಛತ್ರಿ ಮರೆತಿದ್ದಾಳೆ. ಹುಡುಗ ಅದನ್ನು ಹಿಂತಿರುಗಿಸಿ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ಅಕ್ಕ ಪೂರ್ತಿ ಕೇಳಿದಳು.

"ಇಂಥಾ ಹುಡುಗನ್ನ ಯಾರ ಮದಿವಿ ಆಗತಾರ, ಹುಚ್ಚಿ? ಪೋಸ್ಟಮನ್ ಬಂದಂಗ ಬಂದ, ಕೊಟ್ಟ, ಹೋದ."

"ಮತ್ತ ಏನ ಮಾಡಬೇಕಿತ್ತು?"

"ಆಕಿ ಕೈಯಾಗ ಯಾಕ ಕೊಡತಾನ? ಮನಿಗೆ ಹೋಗಲಿ. ಬಾಗಲಾ ಆಕಿ ಮಾವಶಿ ತಗೀಲಿ. ಛತ್ರಿ ಹಿಡಕೊಂಡ ನಿಂತಾವನ್ನ ನೋಡಿ, ಛತ್ರಿ ರಿಪೇರಿಯಾಂವ ಬಂದ ಅಂತ ತಿಳಕೋಲಿ. ಒಳಗಿಂದ ಇನ್ನೂ ನಾಕ ಮುರುಕ ಛತ್ರಿ ತಂದ ಅವನ ಮುಂದ ಒಗೀಲಿ."

"ಅಂವ ಅಲ್ಲ ಅನ್ನೂದಿಲ್ಲೇನ?"

"ಅಲ್ಲ ಅಂದ್ರ ನಾಳೆ ಮತ್ತ ಹೆಂಗ ಬರತಾನ?"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಸದ್ದು ಬರದ ಹಾಗೆ. ಅಷ್ಟರಲ್ಲಿ ಕೊಡ ಹೊತ್ತು ಬಂದ ಅವ್ವ ಬಾಗಿಲಲ್ಲೇ ನಿಂತು ಗದರಿಸಿದಳು: "ಏ, ನಗಬ್ಯಾಡವ್ವ! ಹೊಟ್ಟಿ ಅಲುಗತದ. ನಿನಗರ ಬುದ್ಧಿ ಬ್ಯಾಡೇನ, ಆಕೀನ್ನ ಯಾಕ ನಗಸತೀ?"

ನಗಬಾರದೆಂದು ಡಾಕ್ಟರು ಹೇಳಿರಲಿಲ್ಲ. ಆದರೆ ಅವ್ವನಿಗೆ ಡಾಕ್ಟರರ ಹೊಲಿಗೆಯ ಮೇಲೆ ಅಷ್ಟು ಭರವಸೆಯಿರಲಿಲ್ಲ. ಕೆಮ್ಮು ಬಂದರೆ ಅಕ್ಕನ ಬಾಯಿಗೆ ಜೇನು ಹಾಕುತ್ತಿದ್ದಳು, ಸೀನು ಬಂದರೆ ಮೂಗು ಹಿಡಿಯುತ್ತಿದ್ದಳು. ಸಾರಿಗೆ ಕೆಂಪು ಮೆಣಸಿನ ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದಳು.

ಛತ್ರಿಯ ಕಂತು ಅಚ್ಚಾದ ಮೇಲೆ ಸಂಪಾದಕರಿಂದ ಕಾರ್ಡು ಬಂತು. ಓದುಗರು ಮೆಚ್ಚಿದ್ದಾರೆ, ರಿಪೇರಿಯವನನ್ನು ಮುಂದುವರಿಸಿ. ಮುಂದುವರಿಸಿದೆವು. ಬರೆಯುವ ಕೈ ನನ್ನದು. ಹುಡುಗನನ್ನು ಕುಣಿಸುವವಳು ಅಕ್ಕ. ಹುಡುಗ ಮಾರುಕಟ್ಟೆಯ ಛತ್ರಿಯಂಗಡಿಯಲ್ಲಿ ಕೂತು ಕಡ್ಡಿ ಕಟ್ಟುವುದನ್ನು ಕಲಿತ. ಮಾವಶಿ, ಹುಡುಗಿಯ ಚಿಕ್ಕಮ್ಮ, ಓಣಿಯಲ್ಲೆಲ್ಲ ಅವನ ಕೈಗುಣ ಹೊಗಳಿದಳು. ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಛತ್ರಿಯನ್ನು ಅದೇ ಮನೆಗೆ ಕಳಿಸಿದರು. ಅದನ್ನು ರಿಪೇರಿ ಮಾಡುವ ಗಡಿಬಿಡಿಯಲ್ಲಿ ಹುಡುಗ ಅವರದೇ ಕ್ಲಾಸು ತಪ್ಪಿಸಿದ. ಹುಡುಗಿಗೆ ಎಲ್ಲವೂ ಗೊತ್ತು. ದಿನಾ ಒಂದೊಂದು ಛತ್ರಿಯ ಕಡ್ಡಿಯನ್ನು ಅವಳೇ ಮುರಿದಿಡುತ್ತಾಳೆ.

"ಇದೆಲ್ಲ ನಿನಗ ಎಲ್ಲಿಂದ ಹೊಳೀತದ ಅಕ್ಕಾ?" ಎಂದು ಒಮ್ಮೆ ಕೇಳಿದೆ.

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು: "ನಿಶ್ಚಯ ಆದಮ್ಯಾಲೆ ನಿಮ್ಮ ಭಾವ ಮಾವನ ಮನಿಗೆ ಬಂದಾಗ ಛತ್ರಿ ಬಿಟ್ಟ ಹೋಗಿದ್ರು. ಮರುದಿನ ತಗೊಂಡ ಹೋಗಲಿಕ್ಕೆ ಬಂದ್ರು. ಆವತ್ತೂ ಬಿಟ್ಟ ಹೋದ್ರು."

"ಮರತು?"

"ಬ್ಯಾಸಗಿ ತಂಗಿ ಅದು. ಮಳಿ ಎಲ್ಲಿತ್ತು?"

ಹಾಗೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಅವ್ವ ಸ್ಟೋವ್ ಮುಂದಿನಿಂದ ತಿರುಗಿ ನೋಡಿದಳು.

ವಾರದ ಸಂಚಿಕೆಯನ್ನು ನಾನು ಮಾಟುಂಗಾದ ಒಂದು ಪತ್ರಿಕೆಯ ಅಂಗಡಿಯಿಂದ ತರುತ್ತಿದ್ದೆ. ಭಾನುವಾರ ಊಟಕ್ಕೆ ಮೊದಲು ಗಟ್ಟಿಯಾಗಿ ಓದುವುದು. ತಲೆ ತಗ್ಗಾಗಿ ಮಲಗಿದವಳಿಗೆ ಓದಿದರೆ ಕಣ್ಣು ಕತ್ತಲಿಡುತ್ತಿತ್ತು. ಅದೂ ಅಲ್ಲದೆ ಅಚ್ಚಾಗಿ ಬಂದದ್ದನ್ನು ಬೇರೆಯವರ ಬಾಯಲ್ಲಿ ಕೇಳುವುದು ಅವಳಿಗೆ ಬೇಕಾಗಿತ್ತು. ಕೇಳಲು ನೆರೆಯವರಾದ ಬಾಜೂ ಖೋಲಿಯ ಅಕ್ಕನೂ ಅಕ್ಕಿಯ ಮೊರ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ಕೂರುತ್ತಿದ್ದರು. ಅವರು ಉಡುಪಿ ಕಡೆಯವರು, ಗಂಡ ಅಂಧೇರಿಯ ಒಂದು ಹೋಟೆಲಿನಲ್ಲಿ ಭಟ್ಟರು. ಬರೆದವಳು ನಾನೆಂದು ಅವರಿಗೆ ಗೊತ್ತಿರಲಿಲ್ಲ.

"ಇದನ್ನು ಬರೆಯುವ ಹೆಂಗಸು ಭಾರೀ ಪೋಕರಿ ಮಾರಾಯ್ತಿ," ಎನ್ನುತ್ತಿದ್ದರು ಕಲ್ಲು ಆರಿಸುತ್ತ. "ಕಾಲೇಜಿಗೆ ಹೋಗಿ ಇವಳು ಓದಿದ್ದು ಎಂತದ್ದಂತೆ? ನೀನೂ ಹೋಗಿದ್ದೆ. ನಿನಗೆ ಇಂಥದ್ದೆಲ್ಲ ತಲೆಗೆ ಹೋಗ್ತದಾ? ಇಲ್ಲ. ಪುಣ್ಯ."

ಅಕ್ಕ ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಐದನೆಯ ತಿಂಗಳು ನಡೆದಿದ್ದಾಗ ಅಕ್ಕನಿಗೆ ಸೊಂಟ ನೋಯಲು ಶುರುವಾಯಿತು. ಅದು ಅವಳಿಗೆ ಪರಿಚಯದ ನೋವು. ಹಿಂದೆಲ್ಲ ಅದರ ಬೆನ್ನಿಗೇ ಎಲ್ಲ ಮುಗಿದಿತ್ತು. ಅಪ್ಪ ಡಾಕ್ಟರನ್ನು ಕೇಳಿಕೊಂಡು ಬರಲು ಹೋದರು. ಅವ್ವ ದೇವರ ಮುಂದೆ ಕೂತಳು. ನನಗೆ ಏನು ಮಾಡುವುದೆಂದು ತಿಳಿಯದೆ ಅಂದು ಲೋಕಲ್‌ನಲ್ಲಿ ಬರೆದ ಕಂತನ್ನು ತೆಗೆದು ಓದತೊಡಗಿದೆ. ಅದರಲ್ಲಿ ಹುಡುಗ ಕಡೆಗೂ ಬಾಯಿ ತೆರೆಯುತ್ತಾನೆ.

"ಬ್ಯಾಡ," ಎಂದಳು ಅಕ್ಕ. ಹಣೆಯ ಮೇಲೆ ಬೆವರಿತ್ತು. "ಹೇಳಸಬ್ಯಾಡ ಅವನ ಕಡಿಂದ."

"ಯಾಕ?"

"ಅಂವ ಹೇಳಿದ ಅಂದ್ರ ಮುಗೀತು. ಮುಗಸಬ್ಯಾಡ ತಂಗಿ. ಅದು ಇರೂತನಕ ಇದೂ ಇರತದ." ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. "ನನ್ನಾಣಿ ಮಾಡು."

ಆಣೆ ಮಾಡಿದೆ. ಅವಳ ಎದುರಿಗೇ ಆ ಹಾಳೆ ಹರಿದೆ. ಡಾಕ್ಟರು ಕೊಟ್ಟ ಗುಳಿಗೆಯಿಂದಲೋ, ಇನ್ನು ಯಾವುದರಿಂದಲೋ, ಬೆಳಗಾಗುವುದರಲ್ಲಿ ನೋವು ಇಳಿದಿತ್ತು. ಐದು ತುಂಬಿ ಆರಕ್ಕೆ ಬಿತ್ತು. ಹಿಂದೆಂದೂ ಅವಳು ಆರನ್ನು ಕಂಡಿರಲಿಲ್ಲ. ಕೂಸು ಒದೆಯತೊಡಗಿತು. ಅಕ್ಕ ಅದನ್ನು ಮುಟ್ಟಿ ನೋಡೆಂದು ಎಲ್ಲರನ್ನೂ ಕರೆದಳು, ಅಪ್ಪನನ್ನು ಬಿಟ್ಟು. ಅಪ್ಪ ಗ್ಯಾಲರಿಯಲ್ಲಿ ನಿಂತು, "ಏನಂತದ?" ಎಂದು ಅಲ್ಲಿಂದಲೇ ಕೇಳುತ್ತಿದ್ದರು.

ಆಮೇಲೆ ನನ್ನ ಕೆಲಸ ಇಷ್ಟೇ: ತಿಂಗಳುಗಟ್ಟಲೆ ಆ ಹುಡುಗ ಹುಡುಗಿಯನ್ನು ಆ ಒಂದು ಮಾತು ಆಡದಂತೆ ತಡೆಯುವುದು, ಅದೂ ನಗುನಗುತ್ತ. ಹಗುರ ಪ್ರೇಮಕಥೆ ಬರೆಯುವವರಿಗೆ ಗೊತ್ತಿರುತ್ತದೆ, ಇಂಥ ಕಥೆ ನಿಂತಿರುವುದೇ ತಡೆಯುವುದರ ಮೇಲೆ. ಆದರೆ ತಡೆಗೂ ಒಂದು ಮಿತಿಯಿದೆ. ಹುಡುಗನಿಗೆ ಗಂಟಲು ಕಟ್ಟಿಸಿದೆ. ಹುಡುಗಿಯನ್ನು ಎನ್.ಸಿ.ಸಿ. ಕ್ಯಾಂಪಿಗೆ ಕಳಿಸಿದೆ. ಮಾವಶಿಯನ್ನು ಬಾಗಿಲಲ್ಲಿ ಕಾವಲಿಟ್ಟೆ, ಕಾಲು ಉಳುಕಿಸಿ ಅವಳನ್ನೇ ಮಲಗಿಸಿದೆ, ಮಲಗಿದಲ್ಲಿಂದಲೂ ಹುಡುಗನಿಗೆ ಛತ್ರಿ ಕೊಡಿಸಿದೆ. ಲೋಕಲ್‌ನಲ್ಲಿ ಪೆನ್ನು ಹಿಡಿದು ಕೂತಾಗ ಬೆರಳು ತಣ್ಣಗಾಗುತ್ತಿದ್ದವು. ಒಂದು ನಗೆಯ ಪ್ರಸಂಗ ಹೊಳೆಯದಿದ್ದರೆ ಒಂದು ಜೀವ ಹೋಗುತ್ತದೆ ಎಂಬಂತೆ ಯೋಚಿಸುವುದು ಹುಚ್ಚು ಎಂದು ನನಗೆ ತಿಳಿಯುತ್ತಿತ್ತು. ಆ ತಿಳಿವಿನಿಂದ ಬೆರಳು ಬೆಚ್ಚಗಾಗುತ್ತಿರಲಿಲ್ಲ.

ಸಂಪಾದಕರ ಕಾರ್ಡುಗಳ ಧಾಟಿ ಬದಲಾಯಿತು. ಛತ್ರಿ ಸಾಕು ಎಂದು ಬರೆದರು. ಆಮೇಲೆ, ಮುಂದಿನ ಕಾದಂಬರಿಯನ್ನು ಈಗಾಗಲೇ ಘೋಷಿಸಿದ್ದೇವೆ, ಒಂದೆರಡು ಕಂತುಗಳಲ್ಲಿ ಮುಗಿಸಿ ಎಂದರು. ದಯವಿಟ್ಟು ಶ್ರಾವಣದವರೆಗೆ ಅವಕಾಶ ಕೊಡಿ ಎಂದು ಬರೆದೆ. ಕಾರಣ ಬರೆಯಲಿಲ್ಲ, ಏನೆಂದು ಬರೆಯುವುದು? ಉತ್ತರ ಬರಲಿಲ್ಲ. ನಾನು ಮುಗಿಸದ ಇನ್ನೊಂದು ಕಂತನ್ನು ಟಪಾಲು ಡಬ್ಬಿಯ ಕಿಂಡಿಗೆ ಹಾಕಿ ಬಂದೆ.

ಮಳೆ ಹಿಡಿದ ಮೇಲೆ ಒಂದು ಶನಿವಾರ ಮಾಟುಂಗಾದ ಅಂಗಡಿಯವನು ಸಂಚಿಕೆ ಕೊಟ್ಟ. ಸ್ಟೇಷನ್ನಿನ ಛಾವಣಿಯ ಕೆಳಗೆ ನಿಂತು ತೆರೆದೆ. ಕಂತಿನ ಅರ್ಧ ನನ್ನದು. ಉಳಿದರ್ಧ ನನ್ನದಲ್ಲ. ಯಾರೋ, ಪ್ರಾಯಶಃ ಸಂಪಾದಕರೇ, ಹುಡುಗನನ್ನು ಹುಡುಗಿಯ ತಂದೆಯ ಮುಂದೆ ನಿಲ್ಲಿಸಿ, ಎಲ್ಲವನ್ನೂ ಹೇಳಿಸಿ, ತಂದೆಯಿಂದ ಬೆನ್ನು ತಟ್ಟಿಸಿ, ಅಕ್ಷತೆ ಹಾಕಿಸಿಬಿಟ್ಟಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ "ಮುಗಿಯಿತು" ಎಂದಿತ್ತು. ಒಂದಾದ ಮೇಲೊಂದು ಗಾಡಿ ಬಂದು ಹೋದವು. ನಾನು ಹತ್ತಲಿಲ್ಲ. ಸಂಚಿಕೆಯನ್ನು ಹಳಿಗಳ ಮೇಲೆ ಎಸೆದುಬಿಡಲೇ ಎಂದುಕೊಂಡೆ. ತಾರದಿದ್ದರೆ ಅಕ್ಕ ಕಾರಣ ಕೇಳುತ್ತಾಳೆ. ನನ್ನ ಮುಖ ನೋಡಿದರೆ ಕೇಳುವುದೂ ಬೇಕಾಗುವುದಿಲ್ಲ.

ಮರುದಿನ ಎಂದಿನಂತೆ ಓದಲು ಕೂತೆ. ಮಂಚದ ತಲೆದೆಸೆಗೆ, ಅವಳಿಗೆ ಪುಟ ಕಾಣದ ಹಾಗೆ. ಬಾಜೂ ಖೋಲಿಯ ಅಕ್ಕ ಹೊಸ್ತಿಲಲ್ಲಿದ್ದರು. ನನ್ನ ಅರ್ಧ ಮುಗಿಯಿತು. ಉಸಿರು ಎಳೆದುಕೊಂಡು, ಅಚ್ಚಾದ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿಲ್ಲದ್ದನ್ನು ಓದತೊಡಗಿದೆ.

ನಾಲ್ಕು ಜನರೆದುರು ಒಂದು ಮಾತಾಡಲು ತಡವರಿಸುವವಳು ನಾನು. ಬರೆದದ್ದನ್ನೂ ಮೂರು ಸಲ ತಿದ್ದುವವಳು. ಅಂದು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಹುಡುಗ ತಂದೆಯ ಮುಂದೆ ನಿಂತು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ತಂದೆ ಅಟ್ಟದಿಂದ ತಮ್ಮ ತಾತನ ಕಾಲದ ಛತ್ರಿ ಇಳಿಸುತ್ತಾರೆ. ಅದರೊಳಗಿಂದ ಇಲಿ ಹಾರಿ ಹುಡುಗನ ಅಂಗಿಯೊಳಗೆ ಹೋಗುತ್ತದೆ. ಅವನು ಕುಣಿಯುವುದನ್ನು ನೋಡಿ ತಂದೆ, ಈ ಹುಡುಗ ನಾಟಕ ಕಂಪನಿಯವನಿರಬೇಕು, ರಿಪೇರಿಯವನಲ್ಲ ಎನ್ನುತ್ತಾರೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನಗಬ್ಯಾಡವ್ವ!" ಎಂದು ಅವ್ವ ಮೋರಿಯಿಂದ ಕೂಗಿದಳು. ಕೊನೆಗೆ "ಇನ್ನೂ ಇದೆ" ಎಂದು ಓದಿ ಸಂಚಿಕೆ ಮಡಿಚಿದೆ.

ಬಾಜೂ ಖೋಲಿಯ ಅಕ್ಕ ಕೈ ನೀಡಿದರು. "ಕೊಡು, ಆ ಇಲಿಯದ್ದು ನಾನೊಮ್ಮೆ ಓದ್ಬೇಕು."

ಅವರಿಗೆ ಕನ್ನಡ ಓದಲು ಬರುತ್ತಿತ್ತು. ನಾನು ಅದನ್ನು ಮರೆತಿದ್ದೆ. ನಲ್ಲಿಯ ಹತ್ತಿರ ಕೊಡುತ್ತೇನೆ ಎಂದು ಕೊಡ ಎತ್ತಿಕೊಂಡು ಹೊರಟೆ. ಅವರು ಹಿಂದೆ ಬಂದರು. ನಲ್ಲಿಯ ಸದ್ದಿನಲ್ಲಿ, ಗೋಡೆಯ ಕಡೆ ನೋಡುತ್ತ, ಎಲ್ಲವನ್ನೂ ಹೇಳಿದೆ. ಬರೆದವಳು ನಾನು ಎನ್ನುವುದರಿಂದ ಹಿಡಿದು.

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಆ ಪೋಕರಿ ನೀನಾ?"

"ಹೌದು."

"ನಿನ್ನ ಬಾಯಿಗೆ ಬೆರಳು ಇಟ್ರೂ ಕಚ್ಚಲಿಕ್ಕೆ ಗೊತ್ತಿಲ್ಲ ಅಂದ್ಕೊಂಡಿದ್ದೆ." ಸಂಚಿಕೆಯನ್ನು ನನ್ನ ಕೈಯಿಂದ ಕಿತ್ತು ಸೆರಗಿನೊಳಗೆ ಇಟ್ಟುಕೊಂಡರು. "ಇದು ಒಲೆಗೆ ಹೋಯ್ತು ಅಂತ ತಿಳ್ಕೊ. ಬರುವ ವಾರ ಎಂತ ಮಾಡ್ತೀ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಆಗ್ತದಾ? ಏಳು ಹಿಡಿದಿದೆ ಅವಳಿಗೆ. ಹಳೇ ಪುಸ್ತಕ ನನ್ನ ಹತ್ರ ರಾಶಿ ಉಂಟು. ಒಂದೊಂದು ಕೊಡ್ತೇನೆ. ಕೈಯಲ್ಲಿ ಹಿಡ್ಕೊಂಡು ಹೇಳ್ತಾ ಹೋಗು. ಮರ್ತು ಹೋದ್ರೆ ನಾನು ಕೆಮ್ಮುತ್ತೇನೆ, ನೀನು ನೀರು ಕುಡಿ."

ಹಾಗೆಯೇ ನಡೆಯಿತು. ಭಾನುವಾರ ಭಾನುವಾರ ಹಳೆಯ ಸಂಚಿಕೆಯನ್ನು ಮುಖಕ್ಕೆ ಹಿಡಿದು, ಯಾವುದೋ ಅಡುಗೆಯ ಪುಟವನ್ನೋ ರಾಶಿಫಲವನ್ನೋ ದಿಟ್ಟಿಸುತ್ತ, ಇಲ್ಲದ ಕಥೆ ಓದಿದೆ. ಲೋಕಲ್‌ನಲ್ಲಿ ಈಗ ಪೆನ್ನು ತೆಗೆಯುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ಬಾಯಿಯಲ್ಲೇ ಕಟ್ಟಿಕೊಳ್ಳುತ್ತಿದ್ದೆ. ಎದುರಿನ ಹೆಂಗಸರು ನಾನು ಜಪ ಮಾಡುತ್ತೇನೆಂದು ತಿಳಿದಿರಬೇಕು. ಒಬ್ಬಳು ಎದ್ದು ಜಾಗ ಕೊಟ್ಟಳು.

ಏಳು ತುಂಬಿದ ವಾರ. ಭಾನುವಾರ, ಇನ್ನೂ ಊಟವಾಗಿರಲಿಲ್ಲ, ಹೊರಗೆ ಒಂದೇ ಸಮನೆ ಮಳೆ. ನಾನು ಓದುತ್ತಿದ್ದೆ. ಹುಡುಗಿಯ ಹುಟ್ಟುಹಬ್ಬ; ಹುಡುಗ ಹೊಚ್ಚಹೊಸ ಛತ್ರಿ ತೆಗೆದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಾನೆ; ಹೊಸ ಛತ್ರಿಯನ್ನು ರಿಪೇರಿಯವನು ತರುವುದೇಕೆ ಎಂದು ಮಾವಶಿ ಅನುಮಾನದಿಂದ ನೋಡುತ್ತಿದ್ದಾಳೆ. ಅಕ್ಕ ನಗಲಿಲ್ಲ. ತಲೆಯೆತ್ತಿ ನೋಡಿದೆ. ಅವಳು ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿದಿದ್ದಳು.

"ಅವ್ವಾ," ಎಂದಳು, ಮೆತ್ತಗೆ. "ನೀರ ಹೋತು."

ನಾನು ಮುಗಿಸಿರಲಿಲ್ಲ. ಹುಡುಗ ಇನ್ನೂ ಬಾಗಿಲಲ್ಲಿ ನಿಂತಿದ್ದ. ಒಂದು ಮಾತೂ ಆಡಿರಲಿಲ್ಲ. ಹಾಗಿದ್ದೂ.

ಅಪ್ಪ ಮತ್ತು ಕೆಳಗಿನ ಕಾರ್ಖಾನೆಯ ಆಳುಗಳು ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಇಳಿಸಿದರು. ಬಾಜೂ ಖೋಲಿಯ ಅಕ್ಕ ಅವಳ ತಲೆಯ ಮೇಲೆ ಛತ್ರಿ ಹಿಡಿದು, ತಾವು ತೊಯ್ಯುತ್ತ, ಟ್ಯಾಕ್ಸಿಯವರೆಗೆ ಬಂದರು. ರಸ್ತೆಯಲ್ಲಿ ನೀರು. ಟ್ಯಾಕ್ಸಿ ನಿಂತು ನಿಂತು ಹೋಯಿತು. ಅಕ್ಕ ಒಮ್ಮೆಯೂ ಚೀರಲಿಲ್ಲ. ತೊಡೆ ಬಿಗಿಹಿಡಿದು ಕೂತಿದ್ದಳು, ಇನ್ನೂ ತಡೆಯಬಹುದೆಂಬಂತೆ.

ಹೆಣ್ಣು ಕೂಸು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನನಗೆ ಒಂದು ಸಲ ನೋಡಲು ಬಿಟ್ಟರು. ಕಿವಿಗಳು ಇನ್ನೂ ಮಡಿಚಿಕೊಂಡಿದ್ದವು. ಉಗುರುಗಳಿದ್ದವು. ಮರುದಿನ ಮಧ್ಯಾಹ್ನ ಹೋಯಿತು. ಅಪ್ಪ ಹುಬ್ಬಳ್ಳಿಗೆ ತಂತಿ ಕೊಟ್ಟರು. ಅವ್ವ ಅಕ್ಕನ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು, ಹಾಲು ನಿಲ್ಲಲಿ ಎಂದು. ಅದನ್ನು ಕಟ್ಟುವಾಗ ಅವ್ವ ಬೇರೆ ಕಡೆ ನೋಡುತ್ತಿದ್ದಳು.

ಆಮೇಲಿನ ದಿನಗಳಲ್ಲಿ ಆಫೀಸು ಬಿಟ್ಟು ನೇರ ಆಸ್ಪತ್ರೆಗೆ ಹೋಗುತ್ತಿದ್ದೆ. ಸಂಜೆ ಭೇಟಿಯ ಹೊತ್ತಿನಲ್ಲಿ ವಾರ್ಡು ತುಂಬಿರುತ್ತಿತ್ತು. ಬೇರೆ ಮಂಚಗಳ ಪಕ್ಕದಲ್ಲಿ ತೊಟ್ಟಿಲು. ಅಕ್ಕನ ಮಂಚಕ್ಕೆ ಇಲ್ಲಿ ಇಟ್ಟಿಗೆಯಿರಲಿಲ್ಲ. ಸಮನಾಗಿ ಮಲಗಿದ ಅವಳು ಬೇರೆ ಯಾರೋ ಎಂಬಂತೆ ಕಾಣುತ್ತಿದ್ದಳು. ಒಂದು ಸಂಜೆ ಅವ್ವ ಮೂಸಂಬಿ ಸುಲಿಯುತ್ತಿದ್ದಾಗ ಅಕ್ಕ ನನ್ನ ಕಡೆ ತಿರುಗಿದಳು.

"ಅಂವ ಇನ್ನೂ ಬಾಗಲದಾಗ ನಿಂತಾನೇನ?"

ಯಾರೆಂದು ಕೇಳಬೇಕಾಗಿರಲಿಲ್ಲ. "ನಿಂತಾನ."

"ಹೊಸಾ ಛತ್ರಿ ಹಿಡಕೊಂಡು?"

"ಹೂಂ."

"ಮುಗಸಿಬಿಡು ತಂಗಿ. ಹೇಳಸು ಅವನ ಕಡಿಂದ. ಇನ್ನ ಯಾರಿಗಂತ ತಡೀಬೇಕು?"

ಅಷ್ಟು ವಾರ ಇಲ್ಲದ್ದನ್ನೆಲ್ಲ ಓದಿದ್ದ ನನಗೆ, ಎಲ್ಲರಿಗೂ ಗೊತ್ತಿರುವ ಒಂದು ವಾಕ್ಯ ಹೇಳಲಾಗಲಿಲ್ಲ. "ಒಂದಿನಾ..." ಎಂದು ಶುರುಮಾಡಿ ನಿಲ್ಲಿಸಿದೆ. ಅಕ್ಕ ಕಾಯುತ್ತಿದ್ದಳು.

ಆಗ ವಾರ್ಡಿನ ಬಾಗಿಲಲ್ಲಿ ಆಯಾ ಯಾರನ್ನೋ ತಡೆದು ಮರಾಠಿಯಲ್ಲಿ ಕೂಗುತ್ತಿದ್ದಳು. "ಛತ್ರಿ ಬಾಹೇರ್! ಛತ್ರಿ ಬಾಹೇರ್ ಠೇವಾ!" ಹೊರಗಿಡು ಎನ್ನುವುದು ಆ ಮನುಷ್ಯನಿಗೆ ತಿಳಿಯಲಿಲ್ಲ. ಮೈಯೆಲ್ಲ ತೊಯ್ದು, ಕೈಯಲ್ಲಿ ಒಂದು ಕಡ್ಡಿ ಮುರಿದು ಜೋತಾಡುವ ಛತ್ರಿ ಹಿಡಿದು, ಒಳಗೆ ಬರಲೂ ಆಗದೆ ಹೊರಗೆ ಹೋಗಲೂ ಆಗದೆ ನಿಂತಿದ್ದ. ಆಯಾ ಕೈ ಚಾಚಿದಳು. ಅವನು ಏನು ತಿಳಿದುಕೊಂಡನೋ, ಛತ್ರಿಯನ್ನು ಬಿಚ್ಚಿ ಮುರಿದ ಕಡ್ಡಿಯನ್ನು ಅವಳಿಗೆ ತೋರಿಸಿದ.

ಭಾವ. ತಂತಿ ಮುಟ್ಟಿದ ಕೂಡಲೇ ಹೊರಟಿದ್ದರಂತೆ. ಘಾಟಿನಲ್ಲಿ ಗಾಡಿ ನಿಂತುಬಿಟ್ಟಿತ್ತಂತೆ.

ಅಕ್ಕ ಮೊಣಕೈ ಊರಿ ನೋಡಿದಳು. ಅವಳ ಗಂಟಲಿನಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ. ಅಲ್ಲ. ನಗು. ಎರಡೂ ಕೈ ತಾವಾಗಿಯೇ ಹೊಟ್ಟೆಗೆ ಹೋದವು, ಹಿಡಿದುಕೊಳ್ಳಲು.

"ನಗಬ್ಯಾಡವ್ವ," ಎಂದಳು ಅವ್ವ, ಮೂಸಂಬಿಯಿಂದ ತಲೆಯೆತ್ತದೆ. "ಹೊಟ್ಟಿ ಅಲುಗತದ."

ಹೇಳಿದ್ದನ್ನು ಅವಳೇ ಕೇಳಿಸಿಕೊಂಡಳು. ತೊಳೆಯೊಂದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅಕ್ಕನ ಕೈಗಳು ಹೊಟ್ಟೆಯ ಮೇಲೆ ಹಾಗೆಯೇ ಇದ್ದವು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಅವಳು ನಗುತ್ತಲೇ ಇದ್ದಳು, ಮೊದಲ ಸಲ ಸದ್ದು ಮಾಡಿ, ಪಕ್ಕದ ಮಂಚದವರು ತಿರುಗಿ ನೋಡುವಷ್ಟು. ಆ ನಗು ಎಲ್ಲಿ ಅಳುವಾಯಿತೆಂದು ನನಗೆ ಹೇಳಲು ಬರುವುದಿಲ್ಲ.

ಭಾವ ಬಂದು ಕಾಲಿನ ಹತ್ತಿರ ಕೂತರು. ಛತ್ರಿ ಮಂಚದ ಕಾಲಿಗೆ ಒರಗಿ ನೀರು ಸುರಿಸುತ್ತಿತ್ತು. ಕೊನೆಗೆ ಅವ್ವ, ಕೇಳಲೇಬೇಕಾದದ್ದನ್ನು ಕೇಳಿದಳು.

"ಮನ್ಯಾಗ ಏನಂತಾರ?"

"ಅನ್ನೂದ ಅಂತಾರ, ಅತ್ತಿ," ಎಂದರು ಭಾವ. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅಕ್ಕನ ಪಾದ ಹಿಡಿದರು, ಅಷ್ಟು ಜನರೆದುರಿಗೆ. "ನಾ ಒಬ್ಬನ ಬಂದೀನಿ. ಇಬ್ಬರ ಹೋಗತೇವಿ."



ಅಕ್ಕ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದಳು. ನಾನು ಇನ್ನೂ ಆ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೆ.

"ಬ್ಯಾಡ ತಂಗಿ," ಎಂದಳು. "ಇವತ್ತ ಮುಗಸಬ್ಯಾಡ. ಇನ್ನೊಂದೀಟ ನಿಲ್ಲಲಿ ಅಂವ."